ಇಟಗಿಯ ದೇವಾಲಯ ಚಕ್ರವರ್ತಿ

ಕೊಪ್ಪಳವೆಂದೊಡನೆ ಸಾಹಿತ್ಯಾಸಕ್ತರಿಗೆ ‘ಕವಿರಾಜಮಾರ್ಗ’ ನೆನಪಾಗುವುದು ಸಹಜ. ಒಂಬತ್ತನೆಯ ಶತಮಾನದ ಆ ಗ್ರಂಥವು ಕನ್ನಡದ ತಿರುಳುನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಕಿಸುವೊಳಲು ಇಂದಿನ ಪಟ್ಟದಕಲ್ಲು, ಕೊಪಣವೇ ಕೊಪ್ಪಳ, ಪುಲಿಗೆರೆಯೇ ಲಕ್ಷ್ಮೇಶ್ವರ. ಈ ನಾಲ್ಕು ಊರುಗಳ ನಡುವಣ ನೆಲದಲ್ಲಿ ಇಟಗಿ ಎಂಬ ಹಳ್ಳಿಯಿದೆ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಕುಕನೂರು ತಾಲ್ಲೂಕಿನಲ್ಲಿದೆ. ಅಲ್ಲಿನ ಮಹಾದೇವ ದೇವಾಲಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆನಿಸುತ್ತದೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಅವನ ದಂಡನಾಯಕನಾಗಿದ್ದ ಮಹಾದೇವನು 1112ರಲ್ಲಿ ಈ ಗುಡಿಯನ್ನು ಕಟ್ಟಿಸಿದನು. ಸುತ್ತಲಿನ ಸಣ್ಣ ಗುಡಿಗಳಲ್ಲಿ ಎರಡು ಅವನ ತಂದೆತಾಯಿಯರ ಹೆಸರಿನವು. ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದದ್ದು ಇಲ್ಲಿಯ ಶಾಸನವೇ. ಅರಸನ ಸೇವಕನೊಬ್ಬನು ಕಟ್ಟಿಸಿದ ಗುಡಿಗೆ ಅರಸನ ಬಿರುದೇ ಸಂದಿತೆಂಬುದು ಆ ಕಾಲದ ಆತ್ಮವಿಶ್ವಾಸವನ್ನು ತೋರಿಸುತ್ತದೆ.

ಈ ಬಿರುದು ಬರಿಯ ಹೊಗಳಿಕೆಯಲ್ಲ. ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ಮರಳುಗಲ್ಲಿನಲ್ಲಿ ದುಡಿದವರು. ಮುಂದೆ 1050ರ ಸುಮಾರಿನಲ್ಲಿ, ಅಣ್ಣಿಗೇರಿಯ ಅಮೃತೇಶ್ವರದ ಹೊತ್ತಿಗೆ, ಕನ್ನಡದ ಶಿಲ್ಪಿ ಬಳಪದ ಕಲ್ಲಿಗೆ ಕೈಹಾಕಿದ್ದನು. ನೆಲದಿಂದ ತೆಗೆದಾಗ ಮೃದುವಾಗಿದ್ದು, ಗಾಳಿಬಿಸಿಲಿಗೆ ಗಟ್ಟಿಯಾಗುವ ಕಲ್ಲು ಇದು. ಉಳಿಗೆ ಅದು ಒಲಿಯಿತು, ಕೆತ್ತನೆ ಸೂಕ್ಷ್ಮವಾಯಿತು, ಕಂಬಗಳು ತಿರುಗಣಿಯಲ್ಲಿ ಕಡೆದ ನುಣುಪನ್ನು ಪಡೆದವು. ಇಟಗಿಯಲ್ಲಿ ಈ ಕೌಶಲ ಪಕ್ವಗೊಂಡಿದೆ. ಶಿಖರವು ಅಂತಸ್ತಿನ ಮೇಲೆ ಅಂತಸ್ತಾಗಿ ಏರುವ ದ್ರಾವಿಡ ಕ್ರಮದ್ದು. ಆದರೆ ಪ್ರತಿಯೊಂದು ಅಂತಸ್ತಿನ ನಡುಭಾಗವೂ ಮುಂಚಾಚಿ, ಒಂದರ ಮೇಲೊಂದು ಕೂಡಿ, ಕೆಳಗಿನಿಂದ ಮೇಲಕ್ಕೆ ಒಂದೇ ಪಟ್ಟಿಯಾಗಿ ಕಾಣುತ್ತದೆ. ಉತ್ತರದ ನಾಗರ ಶಿಖರದ ನೆನಪು ತರುತ್ತದೆ. ಎರಡು ಸಂಪ್ರದಾಯಗಳ ನಡುವೆ ನಿಂತ ನಾಡಿಗೆ ಇದು ತಕ್ಕ ರೂಪವೇ ಸರಿ.

ಇದಾದ ಐದು ವರ್ಷಗಳಿಗೆ, 1117ರಲ್ಲಿ, ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಬಳ್ಳಿಗಾವೆಯ ದಾಸೋಜ ಅಲ್ಲಿಯ ಮದನಿಕೆಗಳ ಕೆಲವು ಶಿಲ್ಪಿಗಳಲ್ಲೊಬ್ಬ. ಅಂದರೆ ಹೊಯ್ಸಳ ಶಿಲ್ಪದ ಬೇರುಗಳು ಚಾಲುಕ್ಯ ನಾಡಿನ ಕುಶಲಿಗಳಲ್ಲಿದ್ದವು. ಕನ್ನಡ ಜಿಲ್ಲೆಗಳ ಚಾಲುಕ್ಯ ಶಿಲ್ಪವನ್ನು ಕುರಿತು 1926ರಲ್ಲಿ ಗ್ರಂಥ ಹೊರತಂದ ಹೆನ್ರಿ ಕಸಿನ್ಸ್ ಹಳೇಬೀಡಿನ ಅನಂತರದ ಸ್ಥಾನವನ್ನು ಇಟಗಿಗೆ ಕೊಟ್ಟರು. ಬೇಲೂರು, ಹಳೇಬೀಡುಗಳನ್ನು ನೋಡಲು ದೂರದಿಂದ ಬರುವ ನಮ್ಮವರು ಅವುಗಳ ಹಿರಿಯಕ್ಕನಂತಿರುವ ಇಟಗಿಯನ್ನು ಬಲ್ಲವರೆಷ್ಟು ಮಂದಿ?

ಗುಡಿಯ ವಿನ್ಯಾಸದಲ್ಲಿ ಇನ್ನೊಂದು ಸಂಗತಿಯಿದೆ. ಗರ್ಭಗೃಹ, ಅಂತರಾಳ, ಮುಚ್ಚಿದ ನವರಂಗ ದಾಟಿ ಪೂರ್ವಕ್ಕೆ ಬಂದರೆ ತೆರೆದ ದೊಡ್ಡ ಮಂಟಪವಿದೆ. ಅದಕ್ಕೆ ಗೋಡೆಯಿಲ್ಲ. ಅಂಚಿನ ಸುತ್ತಲೂ ಒರಗಿ ಕುಳಿತುಕೊಳ್ಳಲು ಕಲ್ಲಿನ ಕಕ್ಷಾಸನ. ಅದರ ಮೇಲೆ ನಿಂತ ಗಿಡ್ಡ ಕಂಬಗಳು. ಬಿಸಿಲು, ಮಳೆ ತಡೆಯಲು ಇಳಿಜಾರಾದ ಸೂರು. ಒಳಗಿನ ಕತ್ತಲೆ ದೇವರಿಗೆ, ಹೊರಗಿನ ಬೆಳಕು ಜನಕ್ಕೆ ಎಂಬಂತಿದೆ ಈ ಹಂಚಿಕೆ. ಆ ಕಾಲದ ಹಿರಿಯ ದೇವಾಲಯಗಳು ಭೂದತ್ತಿ, ಮಠ, ವಿದ್ಯೆ, ಅನ್ನದಾನ ಎಲ್ಲವನ್ನೂ ಒಳಗೊಂಡ ಸಂಸ್ಥೆಗಳಾಗಿದ್ದವು. ಊರು ಕೂಡುತ್ತಿದ್ದ ತಾಣವೆಂಬುದಕ್ಕೆ ಆ ಕಲ್ಲಾಸನವೇ ಸಾಕ್ಷಿ.

ಚಾಲುಕ್ಯರ ಸಾಮ್ರಾಜ್ಯ ಹೋಯಿತು. ದತ್ತಿಗಳನ್ನು ಕಾಯುವ ಕೈಗಳೂ ಹೋದವು. ಇಂದು ಗುಡಿ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ, ಕಲ್ಲು ಭದ್ರವಾಗಿದೆ. ಆದರೆ ಕಲ್ಲನ್ನು ಕಾಯುವುದು ಒಂದು, ಅದರ ಅರ್ಥವನ್ನು ಕಾಯುವುದು ಇನ್ನೊಂದು. ಮೊದಲನೆಯದನ್ನು ಸರಕಾರ ಮಾಡಬಲ್ಲದು. ಎರಡನೆಯದಕ್ಕೆ ಶಾಸನವನ್ನು ಓದಬಲ್ಲ, ಕಂಬವನ್ನು ನಿಂತು ನೋಡಬಲ್ಲ ಜನ ಬೇಕು. ಪಂಪ, ರನ್ನರನ್ನು ಓದಿದವರಿಗೆ ಅವರ ಮುಂದಿನ ಶತಮಾನಗಳ ಕನ್ನಡ ಮನಸ್ಸು ಇಟಗಿಯ ಕಲ್ಲಿನಲ್ಲಿ ಓದಲು ಸಿಕ್ಕುತ್ತದೆ. ಕೊಪ್ಪಳಕ್ಕೆ ಹೋದವರು ಅರ್ಧ ದಿನ ಬಿಡುವು ಮಾಡಿಕೊಂಡು ಆ ಮಂಟಪದ ಆಸನದಲ್ಲಿ ಕುಳಿತು ಬರಲಿ. ಅದು ಕುಳಿತುಕೊಳ್ಳುವವರಿಗೆಂದೇ ಮಾಡಿದ್ದು.