ಬೂದಿಗುಡ್ಡದ ಜನ

ಪ್ರಾಚೀನ ವಸ್ತುಗಳ ಸಂಗ್ರಹಾಲಯವೆಂದೊಡನೆ ನಮ್ಮ ಮನಸ್ಸು ದೈತ್ಯಾಕಾರದ ಎಲುಬುಗಳನ್ನು ಬಯಸುತ್ತದೆ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಸಾಹೇಬರ ಹೆಸರನ್ನು ಹೊತ್ತ ವಸ್ತುಸಂಗ್ರಹಾಲಯಕ್ಕೆ ನಾನು ಹೋದ ದಿನ, ಜೊತೆಗಿದ್ದ ತಂಗಿಯ ಮಗನು ಬಾಗಿಲಿನಲ್ಲಿಯೇ ಕೇಳಿದನು: “ಮಾವ, ಡೈನೊಸಾರ್ ಎಲ್ಲಿದೆ?”

ಇಲ್ಲವೆಂದು ಹೇಳಬೇಕಾಯಿತು. ಡೈನೊಸಾರುಗಳು ಅಳಿದು ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳಾದುವು. ಅವುಗಳ ಅಸ್ಥಿಗಳು ಉಳಿಯಬೇಕಾದರೆ ಕೆಸರೋ ಮರಳೋ ಮೇಲೆ ಮುಚ್ಚಿ, ಕಾಲಕ್ರಮದಲ್ಲಿ ಕಲ್ಲಾಗಬೇಕು. ಗುಜರಾತಿನ ಬಾಲಾಸಿನೋರಿನ ಬಳಿ ರೈಯೋಲಿಯಲ್ಲಿ ಹಾಗಾಯಿತು; ಅಲ್ಲಿ ಅವುಗಳ ಮೊಟ್ಟೆಗಳೂ ಎಲುಬುಗಳೂ ದೊರೆತುವು, ‘ರಾಜಾಸಾರಸ್’ ಎಂಬ ಮಾಂಸಾಹಾರಿ ಪ್ರಾಣಿಗೆ ೨೦೦೩ರಲ್ಲಿ ನಾಮಕರಣವೂ ಆಯಿತು. ಬಳ್ಳಾರಿಯ ಬಂಡೆಗಳಾದರೋ ಭೂಗರ್ಭದ ಕಾದ ದ್ರವವು ಆರಿ ಗಟ್ಟಿಯಾದವು. ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಡೈನೊಸಾರುಗಳು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಈ ಕಲ್ಲು ಮುಪ್ಪಾಗಿತ್ತು. ಹುಡುಗನ ಮುಖ ಬಾಡಿತು.

ಒಳಗೆ ಇದ್ದುದು ಕಲ್ಲಿನ ಕೊಡಲಿಗಳು, ಅರೆಯುವ ಕಲ್ಲುಗಳು, ಮಡಕೆಯ ಚೂರುಗಳು. ಇವನ್ನು ಬಿಟ್ಟುಹೋದವರು ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಊರಿನ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲಿ ಬಾಳಿದ ಜನ. ಅವರ ನೆಲೆಯನ್ನು ಫೂಟ್ ಸಾಹೇಬರು ಗುರುತಿಸಿದ್ದು ೧೮೭೨ರಲ್ಲಿ. ಅದಕ್ಕೆ ಒಂಬತ್ತು ವರ್ಷ ಹಿಂದೆ, ೧೮೬೩ರಲ್ಲಿ, ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರು ಎತ್ತಿಕೊಂಡ ಒಂದು ಕಲ್ಲಿನ ಕೈಗೊಡಲಿಯಿಂದಲೇ ಭರತಖಂಡದ ಶಿಲಾಯುಗದ ಅಧ್ಯಯನ ಮೊದಲಾಯಿತೆನ್ನಬಹುದು. ವೃತ್ತಿಯಿಂದ ಅವರು ಭೂವಿಜ್ಞಾನಿ. ಮೈಸೂರು ಸಂಸ್ಥಾನದ ಭೂಗರ್ಭಶೋಧನ ಇಲಾಖೆಯು ೧೮೯೪ರಲ್ಲಿ ಆರಂಭವಾದಾಗ ಅದರ ಮೊದಲ ಮುಖ್ಯಾಧಿಕಾರಿಯೂ ಅವರೇ. ಗಣಿಯನ್ನು ಅರಸುತ್ತ ಹೊರಟ ಕಣ್ಣು ದಾರಿಯಲ್ಲಿ ಮನುಷ್ಯನನ್ನೂ ಕಂಡಿತು.

ಈ ಸೀಮೆಯಲ್ಲಿ ಅಲ್ಲಲ್ಲಿ ಬೂದಿಯ ಗುಡ್ಡಗಳಿವೆ. ಕುಡತಿನಿಯದು ಹೆಸರಾದದ್ದು. ಹಂಪೆಯ ಬಳಿ ನಿಂಬಾಪುರದಲ್ಲಿರುವುದನ್ನು ವಾಲಿಯನ್ನು ದಹನ ಮಾಡಿದ ಸ್ಥಳವೆಂದು ಜನ ತೋರಿಸುತ್ತಾರೆ. ಇಷ್ಟು ಬೂದಿಯಾಗಬೇಕಾದರೆ ಸುಟ್ಟ ದೇಹವು ಎಷ್ಟು ದೊಡ್ಡದಿದ್ದಿರಬೇಕು! ಈ ಊಹೆಯಲ್ಲಿ ಒಂದು ನ್ಯಾಯವಿದೆ; ಅದನ್ನು ನಕ್ಕು ತಳ್ಳಬೇಕಾಗಿಲ್ಲ. ವಿದ್ವಾಂಸರೂ ಅಗ್ನಿಪರ್ವತವೆಂದು ಒಮ್ಮೆ, ಕುಲುಮೆಯ ಕಿಟ್ಟವೆಂದು ಒಮ್ಮೆ ತಡವರಿಸಿದವರೇ. ಇದು ದನದ ಸಗಣಿ ಉರಿದ ಬೂದಿಯೆಂದು ಫೂಟ್ ಸಾಹೇಬರು ಹೇಳಿದ ಮಾತು ಬಹುಕಾಲ ವಾದದಲ್ಲಿಯೇ ಉಳಿಯಿತು. ೧೯೫೭ರಲ್ಲಿ ಆಲ್ಚಿನ್ ಎಂಬ ಆಂಗ್ಲ ವಿದ್ವಾಂಸರು ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ, ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಕಂಡುವು. ಅದು ದೊಡ್ಡಿ! ವರ್ಷ ವರ್ಷವೂ ಕೂಡಿದ ಸಗಣಿಗೆ ಬೆಂಕಿಯಿಟ್ಟು, ಮತ್ತೆ ಅಲ್ಲಿಯೇ ದನಗಳನ್ನು ಕೂಡಿದ ಗೋಪಾಲಕರ ದೊಡ್ಡಿ. ಬೆಂಕಿ ಏತಕ್ಕೆ? ಹಬ್ಬದ ಆಚರಣೆಗೆಂದು ಹಲವರ ಮತ. ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವ ನಮ್ಮ ಹಳ್ಳಿಯವರಿಗೆ ಈ ಮತವು ವಿಚಿತ್ರವಾಗಿ ತೋರಲಾರದು. ಆದರೆ ಎರಡಕ್ಕೂ ನೇರ ನಂಟು ಕಟ್ಟುವ ಧೈರ್ಯ ನನಗಿಲ್ಲ.

ಆ ಜನ ಏನನ್ನು ಉಣ್ಣುತ್ತಿದ್ದರೆಂಬುದೂ ಗೊತ್ತಾಗಿದೆ. ಕರಿದಾಗಿ ಉಳಿದ ಕಾಳುಗಳನ್ನು ಪರೀಕ್ಷಿಸಿದವರು ಹುರುಳಿ, ಹೆಸರು, ಕೊರಲೆಗಳನ್ನು ಗುರುತಿಸಿದ್ದಾರೆ. ಇದನ್ನು ಹೇಳಿದಾಗ ಹುಡುಗನು ಮೊದಲ ಬಾರಿಗೆ ತಲೆಯೆತ್ತಿ, “ನಮ್ಮ ಮನೆಯ ಹುರುಳಿಯೇ?” ಎಂದನು.

ಮಧ್ಯಾಹ್ನ ಗುಡ್ಡಕ್ಕೆ ಹೋದೆವು. ಬೂದುಬಣ್ಣದ ಬಂಡೆಗಳನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಯ ಕಲ್ಲು ಗೋಡೆಯಂತೆ ಹಾಯ್ದಿದೆ. ಕೊಡಲಿ ಮಾಡಿದ್ದು ಇದರಿಂದಲೇ. ಒಡೆದ ಚಕ್ಕೆಗಳು ಇಂದಿಗೂ ಹಾಸಿಕೊಂಡು ಬಿದ್ದಿವೆ. ಅದೇ ಕರಿಗಲ್ಲುಗಳ ಮೇಲೆ ನೀಳವಾದ ಕೊಂಬಿನ ಎತ್ತುಗಳನ್ನೂ ಮನುಷ್ಯರನ್ನೂ ಕುಟ್ಟಿ ಬರೆದಿದ್ದಾರೆ. ಕೆಲವು ಬಂಡೆಗಳಲ್ಲಿ ಬಡಿದು ಬಡಿದು ನುಣುಪಾದ ಗುಳಿಗಳಿವೆ. ಅಲ್ಲಿ ಕಲ್ಲಿನಿಂದ ತಟ್ಟಿದರೆ ಜಾಗಟೆಯ ನಾದ ಬರುತ್ತದೆ.

ಆದರೆ ಈ ಗುಡ್ಡಗಳ ಕಲ್ಲು ಇಂದಿನವರಿಗೂ ಬೇಕಾಗಿದೆ. ರಸ್ತೆಗೆ, ಮನೆಗೆ ಒಡೆಯುತ್ತ ಬಂದು ಚಿತ್ರಗಳಿದ್ದ ಬಂಡೆಗಳಲ್ಲಿ ಹಲವು ಹಾಳಾಗಿವೆ. ಒಡೆಯುವವನನ್ನು ದೂಷಿಸಿ ಫಲವೇನು? ಅವನಿಗೆ ಅದು ದಿನದ ಕೂಲಿ. ಇಲ್ಲಿ ಏನಿದೆಯೆಂದು ಅವನಿಗೆ ಹೇಳಿದವರು ಯಾರು? ಸಂಗ್ರಹಾಲಯವು ಕೊಡಲಿಯನ್ನು ಗಾಜಿನೊಳಗೆ ಇಡಬಲ್ಲುದು, ಗುಡ್ಡವನ್ನು ಇಡಲಾರದು.

ಹುಡುಗನು ಗುಳಿಯೊಂದನ್ನು ಬೆರಳಿನಿಂದ ಸವರಿ, ತಟ್ಟಬಹುದೇ ಎಂದು ನನ್ನನ್ನು ನೋಡಿದನು. ಬೇಡವೆಂದೆ. ಕಿವಿಯನ್ನು ಬಂಡೆಗೆ ಆನಿಸಿ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದನು. ಆಮೇಲೆ ಇಳಿದುಬಂದೆವು.