ಹಿತ್ತಿಲಿನ ಜೇನುಪೆಟ್ಟಿಗೆ

ಮಲೆನಾಡು, ಕೊಡಗು, ದಕ್ಷಿಣ ಕನ್ನಡಗಳಿಂದ ನಗರ ಸೇರಿದ ನಮ್ಮಲ್ಲಿ ಅನೇಕರಿಗೆ ಹಿತ್ತಿಲೆಂದರೆ ಬಾಳೆ, ಬಸಳೆ ಚಪ್ಪರ, ಜೊತೆಗೊಂದು ಜೇನುಪೆಟ್ಟಿಗೆ. ಈ ಪೆಟ್ಟಿಗೆ ಬಹಳ ಪುರಾತನವಾದುದಲ್ಲ. ಹಿಂದೆ ನಮ್ಮವರು ಮರದ ಪೊಟರೆಯ ತುಡುವೆ ಜೇನಿಗೆ ಹೊಗೆ ಹಾಕಿ, ಎರಿಯನ್ನೇ ಹಿಂಡುತ್ತಿದ್ದರು. ತುಪ್ಪದೊಡನೆ ಮರಿಗಳೂ ನಾಶವಾಗುತ್ತಿದ್ದವು.

ಬಿಡಿಬಿಡಿಯಾಗಿ ಎತ್ತಬಹುದಾದ ಚೌಕಟ್ಟುಗಳ ಪೆಟ್ಟಿಗೆಗೆ ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1852ರಲ್ಲಿ ಪೇಟೆಂಟ್ ಪಡೆದರು. ಅದು ಯುರೋಪಿನ ದೊಡ್ಡ ಜೇನಿಗೆ ತಕ್ಕದ್ದು. ನಮ್ಮ ಪುಟ್ಟ ತುಡುವೆಗೆ ಹೊಂದುವ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದವರು ದಕ್ಷಿಣ ಭಾರತದಲ್ಲಿದ್ದ ಪಾದ್ರಿ ನ್ಯೂಟನ್. 1911ರಿಂದ 1917ರವರೆಗೆ ಅವರು ಹಳ್ಳಿಗರಿಗೆ ತರಬೇತಿಯನ್ನೂ ಕೊಟ್ಟರು. ಚೌಕಟ್ಟನ್ನು ಯಂತ್ರದಲ್ಲಿ ತಿರುಗಿಸಿ ತುಪ್ಪ ತೆಗೆದು, ಎರಿಯನ್ನು ಹುಳುಗಳಿಗೇ ಮರಳಿಸುವ ವಿದ್ಯೆ ಮುಂದೆ ನಮ್ಮ ಹಿತ್ತಿಲುಗಳಿಗೂ ಬಂತು.

1991-92ರಲ್ಲಿ ಕಂಟಕ ಒದಗಿತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಮರಿಗಳನ್ನು ನೀರು ತುಂಬಿದ ಚೀಲಗಳಂತೆ ಮಾಡಿ ಕೊಂದಿತು. ಮದ್ದಿರಲಿಲ್ಲ. ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಅಳಿದವು. ರೋಗವನ್ನು ತಾಳಿ ಉಳಿದ ಕೆಲವೇ ಕುಟುಂಬಗಳಿಂದ, ವರ್ಷಗಳು ಕಳೆದ ಮೇಲೆ, ಪೆಟ್ಟಿಗೆಗಳು ಮತ್ತೆ ತುಂಬತೊಡಗಿದವು.

ಊರಿಗೆ ಹೋದಾಗ ಮೂಲೆಯಲ್ಲಿ ಬಿದ್ದಿರುವ ಖಾಲಿ ಪೆಟ್ಟಿಗೆಯನ್ನು ಸೌದೆಗೆ ಸೇರಿಸುವ ಮುನ್ನ ಮಕ್ಕಳಿಗೆ ಈ ಚರಿತ್ರೆಯನ್ನು ಹೇಳೋಣ. ಹಾರಿಹೋದ ಜೇನು ಮರಳಿ ಬಂದೀತು. ಸಾಕುವ ವಿದ್ಯೆಯನ್ನು ನಾವು ಮರೆತರೆ ಅದು ತಾನಾಗಿ ಮರಳಿ ಬಾರದು.