ಲಯದ ಬಾಗಿಲಿನಿಂದ: ‘ಎ ಲವ್ ಸುಪ್ರೀಂ’, ‘ಜ್ಯೋತಿ’ ಮತ್ತು ಕರ್ನಾಟಕದ ಜಾಜ್ ನಂಟು

ಖ್ಯಾಲ್ ಗಾಯಕಿಗೆ ಹೆಸರಾದ ಹುಬ್ಬಳ್ಳಿ–ಧಾರವಾಡಕ್ಕೆ ಜಾಜ್ ಏಕೆ ಬರಲಿಲ್ಲ, ಬೆಂಗಳೂರಿನ ತಾಳವಾದ್ಯದವರ ಮನೆಗೆ ಏಕೆ ಬಂತು? ಇದಕ್ಕೆ ಉತ್ತರ ಹುಡುಕಲು ಟೆನರ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಂ’ ಆಲ್ಬಮ್ಮಿನಿಂದ ಹೊರಡುವುದು ಒಳ್ಳೆಯದು. 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಒಂದೇ ಬೈಠಕ್ಕಿನಲ್ಲಿ ಅದರ ಧ್ವನಿಮುದ್ರಣ ಮುಗಿಯಿತು. ಪಿಯಾನೊಗೆ ಮಕಾಯ್ ಟೈನರ್, ಬಾಸ್‌ಗೆ ಜಿಮ್ಮಿ ಗ್ಯಾರಿಸನ್, ಡ್ರಮ್ಸ್‌ಗೆ ಎಲ್ವಿನ್ ಜೋನ್ಸ್. ಮರುದಿನ ಇನ್ನೂ ಇಬ್ಬರನ್ನು ಸೇರಿಸಿಕೊಂಡು ನುಡಿಸಿದ್ದೂ ಉಂಟು. ಆದರೆ 1965ರಲ್ಲಿ ಇಂಪಲ್ಸ್ ಕಂಪನಿ ಹೊರತಂದ ಎಲ್‌ಪಿಯಲ್ಲಿ ಉಳಿದದ್ದು ಈ ನಾಲ್ವರ ವಾದನವೇ.

ಕೋಲ್ಟ್ರೇನ್ ಅವರಿಗೆ ಭಾರತದ ಸೆಳೆತವಿತ್ತು. 1961ರಲ್ಲಿ ‘ಇಂಡಿಯಾ’ ಎಂಬ ರಚನೆ ನುಡಿಸಿದರು. 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರರ ಹೆಸರಿಟ್ಟರು. ಇಷ್ಟನ್ನೇ ಹಿಡಿದು ‘ಎ ಲವ್ ಸುಪ್ರೀಂ’ನಲ್ಲಿ ರಾಗಸಂಗೀತವನ್ನು ಕಾಣುವ ವಾಡಿಕೆಯಿದೆ. ಅದನ್ನು ನಾನು ಒಪ್ಪುವುದಿಲ್ಲ. ಮೊದಲ ಭಾಗದಲ್ಲಿ ಬಾಸ್ ನಾಲ್ಕು ಸ್ವರಗಳ ಒಂದು ತುಣುಕನ್ನು ಹಿಡಿಯುತ್ತದೆ. ಕೋಲ್ಟ್ರೇನ್ ಆ ತುಣುಕನ್ನು ಹನ್ನೆರಡೂ ಶ್ರುತಿಗಳಿಗೆ ಒಯ್ಯುತ್ತಾರೆ, ಅಂದರೆ ಷಡ್ಜವೇ ಜಾಗ ಬದಲಿಸುತ್ತ ಹೋಗುತ್ತದೆ. ತಂಬೂರಿಯ ಮುಂದೆ ಕೂತು ಬೆಳೆದ ಧಾರವಾಡದ ಯಾವ ಕೇಳುಗರಿಗೂ ಇದು ರಾಗವಲ್ಲ ಎಂಬುದು ತಕ್ಷಣ ತಿಳಿಯುತ್ತದೆ.

ಹಾಗೆಂದು ನಮ್ಮ ಕಿವಿಗೆ ಅದು ಪರಕೀಯವೂ ಅಲ್ಲ. ಕೊನೆಯ ಭಾಗ ‘ಸಾಮ್’ನಲ್ಲಿ ತಾಳದ ಕಟ್ಟು ಸಡಿಲವಾಗಿ, ಜೋನ್ಸ್ ಟಿಂಪನಿಯ ಗುಡುಗು ಕೊಡುತ್ತಾರೆ. ಎಲ್‌ಪಿಯ ಹೊದಿಕೆಯಲ್ಲಿ ಅಚ್ಚಾದ ತಮ್ಮದೇ ಪ್ರಾರ್ಥನಾ ಪದ್ಯವನ್ನು ಕೋಲ್ಟ್ರೇನ್ ಅಕ್ಷರಕ್ಕೊಂದು ಸ್ವರವಿಟ್ಟು ಸ್ಯಾಕ್ಸೊಫೋನಿನಲ್ಲಿ ಓದುತ್ತಾರೆ. ಮಾತಿನ ನಡಿಗೆಯೇ ಅಲ್ಲಿ ಸ್ವರದ ನಡಿಗೆಯಾಗುತ್ತದೆ. ಮಲ್ಲಿಕಾರ್ಜುನ ಮನಸೂರರ ವಚನ ಗಾಯನ ಕೇಳಿದವರಿಗೆ, ಭಕ್ತಿಯ ನುಡಿ ಸ್ವರವನ್ನು ಹೇಗೆ ಮುನ್ನಡೆಸಬಲ್ಲದು ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ಹೋಲಿಕೆ ಪ್ರಭಾವದ್ದಲ್ಲ. ಎರಡು ನಾಡುಗಳ ಭಕ್ತಿ ತಾನಾಗಿ ಕಂಡುಕೊಂಡ ದಾರಿಯದು.

ನಿಜವಾದ ಕೊಂಡಿ ಇರುವುದು ಮೂರನೆಯ ಭಾಗದಲ್ಲಿ. ‘ಪರ್ಸ್ಯೂಯನ್ಸ್’ ಆರಂಭವಾಗುವುದೇ ಜೋನ್ಸ್ ಅವರ ಒಂಟಿ ಡ್ರಮ್ಸ್ ವಾದನದಿಂದ. ಈ ತಂಡದಲ್ಲಿ ಡ್ರಮ್ಸ್ ವಾದಕ ಕಾಲ ಕಾಯುವವರಲ್ಲ. ನಾಯಕನಿಗೆ ಎದುರುತ್ತರ ಕೊಡುವವರು. ಹುಬ್ಬಳ್ಳಿ–ಧಾರವಾಡದ ಖ್ಯಾಲ್ ಬೈಠಕ್ಕಿನ ಧರ್ಮ ಬೇರೆ. ಗಂಗೂಬಾಯಿ ಹಾನಗಲ್ಲರಿಗೆ ತಬಲಾ ಸಾಥ್ ಕೊಟ್ಟ ಶೇಷಗಿರಿ ಹಾನಗಲ್ಲರ ಕೈ ಹೇಗಿತ್ತೆಂಬುದನ್ನು ನೆನೆಯಬೇಕು. ವಿಲಂಬಿತ ಏಕತಾಲದ ಠೇಕಾವನ್ನು ಅಲುಗದಂತೆ ಹಿಡಿದು, ಗಾಯಕಿ ಸಮ್‌ಗೆ ಬರುವ ತನಕ ಕಾಯುವ ಸಂಯಮ ಅದು. ಕಿರಾಣಾ ಘರಾಣೆಯ ಆಲಾಪಕ್ಕೆ ಅಂಥ ಸಾಥಿಯೇ ಬೇಕು. ಆ ಬೈಠಕ್ಕಿನಲ್ಲಿ ಜಾಜ್ ವಾದಕ ಬಯಸುವ ಸಮಬಲದ ಜುಗಲ್‌ಬಂದಿಗೆ ಜಾಗ ಕಡಿಮೆ. ಕರ್ನಾಟಕ ಸಂಗೀತದ ತನಿ ಆವರ್ತನದಲ್ಲಿ, ಅಂದರೆ ಕಛೇರಿಯಲ್ಲಿ ತಾಳವಾದ್ಯದವರಿಗೇ ಬಿಟ್ಟುಕೊಡುವ ಭಾಗದಲ್ಲಿ, ಆ ಜಾಗ ಮೊದಲಿನಿಂದಲೂ ಇತ್ತು.

1964ರಲ್ಲೇ, ಅಂದರೆ ಆ ಆಲ್ಬಮ್ ಧ್ವನಿಮುದ್ರಣವಾದ ವರ್ಷವೇ, ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಸ್ಥಾಪಿಸಿದರು. ಜಾಜ್‌ನವರು ಹುಡುಕಿಕೊಂಡು ಬಂದದ್ದು ಇಲ್ಲಿಗೆ. ಬಾಸ್ಟನ್‌ನಲ್ಲಿ 1923ರಲ್ಲಿ ಹುಟ್ಟಿದ ಚಾರ್ಲಿ ಮರಿಯಾನೊ, ಚಾರ್ಲ್ಸ್ ಮಿಂಗಸ್ ಅವರ ತಂಡದಲ್ಲಿ ನುಡಿಸಿ ಹೆಸರು ಮಾಡಿದ ಆಲ್ಟೊ ಸ್ಯಾಕ್ಸೊಫೋನ್ ವಾದಕರು. ದಕ್ಷಿಣ ಭಾರತಕ್ಕೆ ಬಂದು ನಾಗಸ್ವರವನ್ನೂ ಕಲಿತರು. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಗಾಗಿ ಅವರು ಈ ಕಾಲೇಜಿನವರೊಂದಿಗೆ ಮುದ್ರಿಸಿದ ‘ಜ್ಯೋತಿ’ಯಲ್ಲಿ ಪಿಯಾನೊ ಇಲ್ಲ, ಬಾಸ್ ಇಲ್ಲ. ಆರ್.ಎ. ರಮಾಮಣಿಯವರ ಗಾಯನ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟಂ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರರ ಖಂಜಿರ, ಜೊತೆಗೆ ಕೊನ್ನಕ್ಕೋಲು. ಮೊದಲ ತುಣುಕಿನಲ್ಲಿ ಸ್ಯಾಕ್ಸೊಫೋನನ್ನು ಪಕ್ಕಕ್ಕಿಟ್ಟು ರಮಾಮಣಿಯವರ ಕಂಠಕ್ಕೇ ಜಾಗ ಬಿಟ್ಟಿದ್ದಾರೆ. ಇಲ್ಲಿ ಷಡ್ಜ ಅಲುಗುವುದಿಲ್ಲ. ಜಾಜ್ ವಾದಕರೇ ತಂಬೂರಿಯ ಕಟ್ಟಿಗೆ ಒಳಗಾಗುತ್ತಾರೆ. ಕೋಲ್ಟ್ರೇನ್‌ ಬಗ್ಗೆ ಬರೆದಷ್ಟು ಈ ಆಲ್ಬಮ್ ಬಗ್ಗೆ ಕನ್ನಡದಲ್ಲಿ ಬರೆಯದಿರುವುದು ನಮ್ಮ ಸಂಗೀತ ವಿಮರ್ಶೆಯ ದೊಡ್ಡ ಕೊರತೆ.

ಎದುರು ದಿಕ್ಕಿನಿಂದ ಬಂದವರು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು. ನಾಗಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತವರು. ಗಮಕ ಹೊರಡಿಸಲು ಆಲ್ಟೊ ವಾದ್ಯವನ್ನೇ ತಿದ್ದಿಕೊಂಡರು. 1980ರಲ್ಲಿ ಮುಂಬೈಯ ಜಾಜ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಜಾಜ್ ವಾದಕ ಜಾನ್ ಹ್ಯಾಂಡಿ ಜೊತೆಗೂಡಿ ನುಡಿಸಿದರು. ಹೀಗೆ ಕರ್ನಾಟಕದ ಎರಡೂ ಪ್ರಯೋಗಗಳಲ್ಲಿ ಆಲ್ಟೊ ಮುಂದೆ ನಿಂತಿತು. ಕೋಲ್ಟ್ರೇನ್ ಅವರ ಟೆನರ್‌ನ ತಗ್ಗಿನ ದನಿ ಇಲ್ಲಿ ನೆಲೆಯೂರಲಿಲ್ಲ.

ಕರ್ನಾಟಕ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಆಲ್ಟೊ ವಾದಕ ರುದ್ರೇಶ್ ಮಹಾಂತಪ್ಪ 2008ರ ‘ಕಿನ್ಸ್‌ಮೆನ್’ ಆಲ್ಬಮ್ಮಿನಲ್ಲಿ ಗೋಪಾಲನಾಥರನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಎರಡು ಆಲ್ಟೊ, ಎ. ಕನ್ಯಾಕುಮಾರಿಯವರ ಪಿಟೀಲು, ಗಿಟಾರು, ಬಾಸ್. ಲಯಕ್ಕೆ ಪೂವಾಲೂರು ಶ್ರೀಜಿಯವರ ಮೃದಂಗ ಮತ್ತು ರಾಯಲ್ ಹಾರ್ಟಿಗನ್ ಅವರ ಡ್ರಮ್ಸ್, ಎರಡೂ ಒಟ್ಟಿಗೆ.